ಗದ್ದದ ಕೆಳಗಿನ ಪಟ್ಟಿ

ಹೆಲ್ಮೆಟ್ಟಿನ ಒಳಗಡೆ ಇಷ್ಟೊಂದು ವಾಸನೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಹೋದ ತಿಂಗಳು ನಾರಾಯಣಪೇಟೆಯಿಂದ ಮಕ್ತಲ್‌ಗೆ ಮಗಳ ಸ್ಕೂಟಿಯ ಮೇಲೆ ಹೊರಟಿದ್ದೆವು. ಅಲ್ಲಿ ನಮ್ಮ ಬೀಗರೊಬ್ಬರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಹಿಂದೆ ಕೂತವರನ್ನೂ ಈಗ ಹಿಡಿಯುತ್ತಾರೆ ಎಂದು ಮಗಳು ಅಳಿಯನ ಹಳೆಯ ಹೆಲ್ಮೆಟ್ ತಂದು ನನ್ನ ತಲೆಗೆ ಇಟ್ಟಳು. ಎಣ್ಣೆ, ಬೆವರು, ಬಿಸಿಲಿಗೆ ಕಾದು ಕಾದು ಗಡುಸಾದ ಪಟ್ಟಿಯ ಘಾಟು. ಆ ಪಟ್ಟಿಯನ್ನು ಗದ್ದದ ಕೆಳಗೆ ತಂದು ಅವಳು ಕಟಕ್ಕೆಂದು ಸಿಕ್ಕಿಸಿದಳು. ಬಿಗಿಯಾಯಿತು. ನಾನು ಹೇಳಲಿಲ್ಲ. ನನ್ನ ಕೈ ತಾನಾಗಿ ಮೇಲೆ ಹೋಗಿ, ಪಟ್ಟಿಗೂ ಗದ್ದಕ್ಕೂ ನಡುವೆ ಎರಡು ಬೆರಳು ತೂರಿಸಲು ನೋಡಿತು. ಒಂದೂ ಹೋಗಲಿಲ್ಲ.

ಎರಡು ಬೆರಳು... ಆ ಲೆಕ್ಕ ನನ್ನದಲ್ಲ. ಅದು ಕುದುರೆ ಕಾಕಾ ಅವರದು.

ಅವರು ನನ್ನ ರಕ್ತಸಂಬಂಧಿ ಅಲ್ಲ. ಉಟ್ಕೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ ಇತ್ತು, ಅಷ್ಟೇ ಸಂಬಂಧ. ಕುರಿ ಕಾಯುವ ಮನೆತನ ಅವರದು. ಅಣ್ಣತಮ್ಮಂದಿರೆಲ್ಲ ಕುರಿ ಹಿಂದೆ ಹೋದರೆ ಇವರು ಒಬ್ಬರು ಮಾತ್ರ ಕುದುರೆ ಹಿಡಿದು ಉಳಿದರು. ಒಂದು ಬಿಳಿ ಹೆಣ್ಣುಗುದುರೆ. ಮಕ್ತಲ್, ನಾರಾಯಣಪೇಟೆ, ಸುತ್ತಲಿನ ಹಳ್ಳಿಗಳಲ್ಲಿ ಮದುವೆಯಾದರೆ ಮದುಮಗನನ್ನು ಅದರ ಮೇಲೆ ಕೂರಿಸಿ ಮೆರೆಸುವುದು ಅವರ ಕಸುಬು. ತೆಳ್ಳಗೆ ಎತ್ತರದ ಮನುಷ್ಯ. ರುಮಾಲಿನ ಅಂಚಿಗೆ ಯಾವಾಗಲೂ ಮೈಲಾರನ ಭಂಡಾರದ ಹಳದಿ. ಕುರಿಗಳ ಜೊತೆ ಕನ್ನಡ, ಮದುವೆ ಮನೆಯವರ ಜೊತೆ ತೆಲುಗು, ಕುದುರೆಯ ಜೊತೆ ಮಾತ್ರ ಉರ್ದು. ಯಾಕೆಂದು ಕೇಳಿದರೆ, ಕುದುರೆಗಳು ನಿಜಾಮನ ಕಾಲದಿಂದ ಸರ್ಕಾರಿ ನೌಕರಿ ಮಾಡಿದವು, ಅವಕ್ಕೆ ಬೇರೆ ಭಾಷೆ ರುಚಿಸುವುದಿಲ್ಲ ಎನ್ನುತ್ತಿದ್ದರು. ನಗದೇ ಹೇಳುತ್ತಿದ್ದರು. ನಿಜವಾಗಿ ನಂಬಿದ್ದರೋ ಏನೋ...

ಮದುಮಗ ಹತ್ತುವ ಮೊದಲು ಅವರು ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಕುದುರೆಯ ಗದ್ದದ ಕೆಳಗಿನ ಪಟ್ಟಿಗೆ ಎರಡು ಬೆರಳು ತೂರಿಸಿ ನೋಡುವುದು. ಬೆರಳು ಹೋದರೆ ಸರಿ, ಇಲ್ಲದಿದ್ದರೆ ಒಂದು ತೂತು ಸಡಿಲ ಬಿಡುವುದು. ಆಮೇಲೆ ಅದೇ ಎರಡು ಬೆರಳನ್ನು ಮದುಮಗನ ಗದ್ದದ ಕೆಳಗಿಟ್ಟು ತಮಾಷೆ ಮಾಡುವುದು. ನನ್ನ ಮದುವೆಯಲ್ಲೂ ಮಾಡಿದರು. ಬಾಸಿಂಗ ಕಟ್ಟಿಕೊಂಡು ನಾಚಿ ನಿಂತಿದ್ದ ನನ್ನ ಗದ್ದ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಇವತ್ತಿನಿಂದ ನಿನಗೂ ಪಟ್ಟಿ ಬೀಳ್ತೈತಿ ತಮ್ಮಾ. ಎರಡು ಬೆರಳು ಸಡಲ ಇಡ್ರೆವ್ವಾ ಅಂತ ಹೆಣ್ಣಿನ ಕಡೆಯವರಿಗೆ ಈಗ ಕೇಳ್ಕೋ. ನಾಳಿಂದ ಬಾಯಿ ಬರಂಗಿಲ್ಲ.”

ಹೆಣ್ಣಿನ ಕಡೆಯವರು ಹೊಟ್ಟೆ ಹಿಡಿದು ನಕ್ಕರು. ನನ್ನ ಹೆಂಡತಿಯೂ ಸೆರಗಿನೊಳಗೆ ನಕ್ಕಿದ್ದಳಂತೆ, ಆಮೇಲೆ ಹೇಳಿದಳು.

ಮದುವೆಯಾದ ಮರುವರ್ಷ ಆ ಬಿಳಿ ಕುದುರೆ ಮರಿ ಹಾಕಿತು. ಹೆಣ್ಣುಮರಿ, ಕಾಡಿಗೆಯ ಹಾಗೆ ಕಪ್ಪು. ನಾನು ಪೆಚ್ಚಾಗಿ ನೋಡಿದೆ. ಬಿಳಿ ಕುದುರೆಗಳೆಲ್ಲ ಹುಟ್ಟುವಾಗ ಹೀಗೇ, ಬೆಳೆಯುತ್ತ ಬೆಳೆಯುತ್ತ ಬೆಳ್ಳಗಾಗುತ್ತವೆ ಎಂದು ಕಾಕಾ ಹೇಳಿದರು. ತಾಯಿಗೆ ವಯಸ್ಸಾಗಿತ್ತು. ಮುಂದಿನ ಮದುವೆಗಳೆಲ್ಲ ಈ ಮರಿಯ ಬೆನ್ನಿನ ಮೇಲೆಯೇ ನಡೆಯಬೇಕಿತ್ತು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಮೈಲಾರ ಕುದುರೆ ಏರುವ ದೇವರು. ಮರಿ ಬದುಕಿ ಉಳಿದರೆ, ಜೀನು ಹಾಕುವ ವಯಸ್ಸಿಗೆ ಬಂದಾಗ ಮೊದಲ ಸಲ ದೇವರನ್ನೇ ಹೊರಿಸುತ್ತೇನೆ ಎಂದು ಕಾಕಾ ಹರಕೆ ಹೊತ್ತಿದ್ದರು. ಅವರ ದೃಷ್ಟಿಯಲ್ಲಿ ಅದು ಹುಟ್ಟಿದ ದಿನದಿಂದ ದೇವರ ಕುದುರೆ.

ಅದರ ಮೊಗಹಗ್ಗವನ್ನು ಕಾಕಾ ತಾವೇ ಕುರಿಯ ಉಣ್ಣೆ, ಮೇಕೆಯ ಕೂದಲು ಕೂಡಿಸಿ ಹೆಣೆದರು. ಮರಿಯ ಬಾಯಿಗೆ ಇನ್ನೂ ಕಬ್ಬಿಣ ಹಾಕುವುದಿಲ್ಲ, ಮುಖದ ಸುತ್ತ ಹಗ್ಗ ಮಾತ್ರ. ಗದ್ದದ ಕೆಳಗೆ ಬರುವ ಕಡೆ ಒಂದು ಚರ್ಮದ ಪಟ್ಟಿ, ಅದಕ್ಕೆ ಸಾಲಾಗಿ ತೂತು, ಒಂದು ಸಣ್ಣ ಹಿತ್ತಾಳೆಯ ಕೊಂಡಿ. ಮರಿ ಬೆಳೆದ ಹಾಗೆ ತೂತು ಬದಲಿಸುತ್ತ ಹೋಗಬೇಕು.

ಆ ವರ್ಷ ದೀಪಾವಳಿಯ ಹೊತ್ತಿಗೆ ಕುರಿ ಹಿಂಡು ಕೃಷ್ಣೆಯ ಕಡೆ ಇಳಿಯುವಾಗ ಕಾಕಾ ಅವರ ಅಣ್ಣನ ಕಾಲು ಮುರಿದಿತ್ತು. ಹಿಂಡನ್ನು ಹೊಡೆದುಕೊಂಡು ಗದ್ವಾಲ್ ದಾಟಿ ವಡ್ಡೆಪಲ್ಲಿಯ ಹೊಲಗಳವರೆಗೆ ಹೋಗಬೇಕು, ಯುಗಾದಿಗೆ ತಿರುಗಿ ಬರಬೇಕು. ಕಾಕಾ ಹೊರಟರು. ಅವರ ಹೆಂಡತಿ, ನಾವು ಚಿಗವ್ವ ಎನ್ನುತ್ತಿದ್ದವರು, ಅಡುಗೆಗೆಂದು ಜೊತೆಗೆ ಹೊರಟರು. ಪಾತ್ರೆ, ಕಂಬಳಿ, ನಡೆಯಲಾರದ ಕುರಿಮರಿ ಎಲ್ಲ ಹೊರಲು ಬಿಳಿ ಕುದುರೆ ಬೇಕು. ಮರಿಗೆ ಆಗಷ್ಟೇ ಹಾಲು ಬಿಡಿಸಿದ್ದರು. ತಾಯಿಯ ಜೊತೆ ಕಳಿಸಿದರೆ ಮತ್ತೆ ಮೊಲೆಗೆ ಬೀಳುತ್ತದೆ. ಹಾಗಾಗಿ ಅದು ಗೋಡೆ ದಾಟಿ ನಮ್ಮ ಹಿತ್ತಲಿಗೆ ಬಂತು.

ನಾನೇ ಕೇಳಿ ಇರಿಸಿಕೊಂಡೆ. ಹತ್ತನೆಯ ತರಗತಿ ಮುಗಿಸಿ, ಹೊಲ ನೋಡಿಕೊಂಡು, ಹೊಟೇಲಿನ ಕಟ್ಟೆಯ ಮೇಲೆ ದೊಡ್ಡ ಮಾತಾಡಿಕೊಂಡಿದ್ದ ವಯಸ್ಸು. ಹೋಗುವ ದಿನ ಕಾಕಾ ನನ್ನ ಕೈ ಹಿಡಿದು ಮರಿಯ ಗದ್ದದ ಕೆಳಗಿಟ್ಟರು. ಅಲ್ಲಿ ಎಷ್ಟು ಮೆತ್ತಗಿತ್ತು ಎಂದರೆ... ಕೂಸಿನ ಕುತ್ತಿಗೆಯ ಹಾಗೆ.

“ಮೇವು ನೀರು ಮರ್ತರ ಅದು ಒದರಿ ಕೇಳ್ತೈತಿ,” ಎಂದರು. “ಇದನ್ನ ಮಾತ್ರ ಅದಕ್ಕ ಕೇಳಾಕ ಬರಂಗಿಲ್ಲ. ಅಮಾಸಿಗೊಮ್ಮೆ ಬೆರಳು ಹಾಕಿ ನೋಡು. ಎರಡು ಹೋಗಬೇಕು.”

ನಾನು ಹೂಂ ಎಂದೆ.

ಮೊದಲ ಅಮಾವಾಸ್ಯೆಯ ದಿನ ಹೋದೆ. ಮರಿ ಅಷ್ಟರಲ್ಲಿ ತಾಯಿ ಇಲ್ಲದೆ ಸಿಡುಕಾಗಿತ್ತು. ಹಿಂದಿನ ದಿನವಷ್ಟೇ ಹೊಟೇಲಿನಲ್ಲಿ, ಕುದುರೆ ಪಳಗಿಸುವುದು ಏನು ದೊಡ್ಡ ವಿದ್ಯೆ, ನನ್ನ ಕೈಗೆ ಬಂದ ಮೇಲೆ ಕುರಿಯಂತೆ ಆಗಿದೆ ಎಂದು ಹೇಳಿ ಬಂದಿದ್ದೆ. ಕೈ ಮುಂದೆ ಮಾಡಿದೆ. ಅದು ಕಿವಿ ಹಿಂದಕ್ಕೆ ಮಾಡಿ ನನ್ನ ತೋಳಿಗೆ ಬಾಯಿ ಹಾಕಿತು. ಬಿಡಿಸಿಕೊಳ್ಳಲು ಹೋದವನನ್ನು ಎದೆಯಿಂದ ದೂಡಿ ಗೋಡೆಗೆ ಒತ್ತಿತು. ಒಂದು ಕ್ಷಣ ಉಸಿರು ನಿಂತಿತು. ಯಾರೂ ನೋಡಲಿಲ್ಲ. ಹಲ್ಲು ಆಳವಾಗಿ ಇಳಿದು ತೋಳಿನ ಮೇಲೆ ಗುರುತು ಉಳಿಯಿತು. ನಾನು ತುಂಬು ತೋಳಿನ ಅಂಗಿ ಹಾಕಿಕೊಂಡೆ.

ಅಂದಿನಿಂದ ಹಿತ್ತಲ ಗೋಡೆಯ ಈಚೆ ನಿಂತು ಮೇವು ಎಸೆಯತೊಡಗಿದೆ. ನೀರಿನ ಬಕೀಟನ್ನು ಕೋಲಿನಿಂದ ದೂಡುತ್ತಿದ್ದೆ. ಹೆದರಿಕೆ... ಅಷ್ಟೇ. ಇಷ್ಟು ವರ್ಷ ಆ ಮಾತಿಗೆ ನಾನು ಬೇರೆ ಬೇರೆ ಹೆಸರು ಕೊಟ್ಟಿದ್ದೇನೆ, ಕೆಲಸ ಎಂದು, ಮರೆವು ಎಂದು. ಅದು ಬರೀ ಹೆದರಿಕೆ. ಅದನ್ನು ಒಬ್ಬರ ಮುಂದೆ ಹೇಳಿದ್ದರೆ ಮುಗಿಯುತ್ತಿತ್ತು. ಓಣಿಯಲ್ಲಿ ಕುದುರೆ ಬಲ್ಲವರು ಇದ್ದರು, ಕೂಗಿದರೆ ಬರುತ್ತಿದ್ದರು. ಆದರೆ ಬಂದವರು ಹೊಟೇಲಿಗೆ ಹೋಗಿ ಏನೆನ್ನುತ್ತಾರೆ?

ನನ್ನ ಹೆಂಡತಿ ಆಗ ಬಸುರಿ, ಮೊದಲನೆಯದು. ಅವಳೇ ಮೊದಲು ಗಮನಿಸಿದ್ದು. ಮರಿ ಯಾಕೋ ದಂಟು ಕಡಿಯಲೊಲ್ಲದು, ಪಟ್ಟಿ ಬಿಗಿಯಾಗಿರಬೇಕು, ನೋಡಬಾರದೇ ಎಂದಳು. ಹಲ್ಲು ಬರುತ್ತಿರಬೇಕು ಎಂದೆ. ಇನ್ನೊಂದು ಸಲ ಕೇಳಿದಾಗ ನನಗೆ ಅವ್ವನ ಮಾತೊಂದು ನೆನಪಾಯಿತು. ನಮ್ಮ ಕಡೆ ಬಸುರಿಯ ಗಂಡ ಹಗ್ಗ ಹೊಸೆಯಬಾರದು ಎನ್ನುತ್ತಾರೆ. ಹೊಸೆದರೆ ಹೊಟ್ಟೆಯೊಳಗೆ ಕೂಸಿನ ಕುತ್ತಿಗೆಗೆ ಹೊಕ್ಕುಳ ಹುರಿ ಸುತ್ತಿಕೊಳ್ಳುತ್ತದಂತೆ. ನಾನು ಅದನ್ನು ಹಿಡಿದುಕೊಂಡೆ. ಹಗ್ಗ, ಪಟ್ಟಿ, ಗಂಟು ಯಾವುದನ್ನೂ ನಾನು ಈಗ ಮುಟ್ಟುವ ಹಾಗಿಲ್ಲ, ನಿನ್ನ ಕೂಸಿನ ಸಲುವಾಗಿಯೇ ಎಂದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಕೇಳಲೇ ಇಲ್ಲ. ನುಚ್ಚು ಬೇಯಿಸಿ ಗಂಜಿ ಮಾಡಿ ಗೋಡೆಯ ಮೇಲಿಂದ ಇಳಿಸುತ್ತಿದ್ದಳು. ಮರಿ ಅದನ್ನು ಹೀರಿ ಕುಡಿಯುತ್ತಿತ್ತು. ಅಗಿಯುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಹಿತ್ತಲಲ್ಲಿ ಒಂದು ವಾಸನೆ ಶುರುವಾಯಿತು. ಕೊಳೆತ ಚರ್ಮದ ವಾಸನೆ. ತಿಪ್ಪೆಯದು ಎಂದೆ. ನೊಣ ಮುತ್ತುತ್ತಿದ್ದುದು ತಿಪ್ಪೆಗಲ್ಲ, ನನಗೆ ಕಾಣುತ್ತಿತ್ತು. ಚಳಿಗಾಲದ ಉದ್ದ ಕೂದಲಿನ ಅಡಿಯಲ್ಲಿ ಆ ಪಟ್ಟಿ ಕಾಣಿಸುತ್ತಲೇ ಇರಲಿಲ್ಲ. ಕಾಣಿಸದ್ದನ್ನು ಇಲ್ಲ ಎಂದುಕೊಳ್ಳುವುದು ಎಷ್ಟು ಸುಲಭ...

ಯುಗಾದಿಗೆ ಮುಂಚೆಯೇ ಕಾಕಾ ಬಂದರು. ಕುರಿಯ ಗಂಟೆಗಳ ಸದ್ದಿನ ಹಿಂದೆಯೇ ಅವರ ದನಿ ಕೇಳಿತು. ಮರಿ ಹಿತ್ತಲಿನಿಂದ ಕೆನೆಯಲು ನೋಡಿತು. ಬಾಯಿ ಪೂರ್ತಿ ತೆರೆಯಲಾಗದೆ ಮೂಗಿನಲ್ಲೇ ಒಂದು ಸದ್ದು ಮಾಡಿತು. ಅವರು ಕಾಲೂ ತೊಳೆಯದೆ ಬಂದು, ಉರ್ದುವಿನಲ್ಲಿ ಏನೋ ಮಾತಾಡಿಸುತ್ತ, ನೇರವಾಗಿ ಗದ್ದದ ಕೆಳಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಮಾತೂ ನಿಂತಿತು.

ಬೆರಳಿಗೆ ಪಟ್ಟಿ ಸಿಗಲಿಲ್ಲ. ಅದು ಮಾಂಸದೊಳಗೆ ಹೋಗಿತ್ತು. ಮರಿ ಬೆಳೆದಿತ್ತು, ಪಟ್ಟಿ ಬೆಳೆದಿರಲಿಲ್ಲ.

ಕಾಕಾ ನನ್ನನ್ನು ಬೈಯಲಿಲ್ಲ. ಬಿಸಿನೀರು, ಬೇವಿನಸೊಪ್ಪು, ಅರಿಶಿನ ತರಲು ಹೇಳಿದರು. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯನ್ನು ಚಿಗವ್ವ ಬೆಂಕಿಗೆ ಹಿಡಿದು ಕೊಟ್ಟರು. ಒಂದು ಅಂಗೈಯಿಂದ ಮರಿಯ ಕಣ್ಣು ಮುಚ್ಚಿ, ಹಣೆಗೆ ಹಣೆ ಕೊಟ್ಟು, ಕಾಕಾ ಪಟ್ಟಿಯನ್ನು ಒಂದು ಕಡೆ ಕತ್ತರಿಸಿದರು. ಆಮೇಲೆ ಅದನ್ನು ಎಳೆದು ತೆಗೆಯಬೇಕಿತ್ತು. ಆಗ ಮರಿ ಮಾಡಿದ ಸದ್ದನ್ನು ನಾನು ಬರೆಯಲಾರೆ. ನನ್ನನ್ನು ಗೋಡೆಗೆ ಒತ್ತಿದ್ದ ಅದೇ ಮರಿ ಅವರನ್ನು ಕಚ್ಚಲಿಲ್ಲ, ಒದೆಯಲಿಲ್ಲ. ನಡುಗುತ್ತ ನಿಂತಿತ್ತು.

ಕೈ ತೊಳೆದುಕೊಂಡ ಮೇಲೆ ಅವರು ನನ್ನ ಕಡೆ ನೋಡಿದರು. ಯಾಕೋ ತಮ್ಮಾ, ಎಂದಷ್ಟೇ ಕೇಳಿದರು. ಆ ಹೊತ್ತಿಗೂ ನಿಜ ಹೇಳಬಹುದಿತ್ತು. ತೋಳಿನ ಗುರುತು ಇನ್ನೂ ಮಾಸಿರಲಿಲ್ಲ, ಅಂಗಿ ಮೇಲೆತ್ತಿ ತೋರಿಸಿದ್ದರೂ ಸಾಕಿತ್ತು. ನಾನು ಹೆಂಡತಿಯ ಕಡೆ ಕೈ ಮಾಡಿ ಹೇಳಿದೆ:

“ಬಸುರಿ ಮನಿ ಕಾಕಾ... ಹಗ್ಗ ಪಟ್ಟಿ ಮುಟ್ಟಬಾರದಂತ, ಅದಕ್ಕ ಮುಟ್ಟಲಿಲ್ರಿ.”

ಅವರ ಮುಖ ಒಮ್ಮೆಲೇ ಬದಲಾಯಿತು. ಸಿಟ್ಟು ಬರುತ್ತದೆಂದು ಕಾದಿದ್ದೆ. ಅವರು ತಲೆಗೆ ಕೈ ಹೊತ್ತು ಕೂತುಬಿಟ್ಟರು.

“ಹೌದಲ್ಲೋ. ನಾನು ಹಿರೇ ಮನುಷ್ಯ, ನನಗ ತಿಳೀಬೇಕಿತ್ತು. ಬಸುರಿ ಗಂಡನ ಕೈಯಾಗ ಪಟ್ಟಿ ಕೊಟ್ಟು ಹ್ವಾದೆ. ತಪ್ಪು ನಂದು ಐತಿ. ನೀ ಕೂಸಿನ್ನ ಉಳಿಸಿದಿ.”

ಚಿಗವ್ವ ರಕ್ತದ ಬಟ್ಟೆ ಹಿಂಡುತ್ತಿದ್ದವರು ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ಹಿಂಡತೊಡಗಿದರು.

ದೇವರ ಕುದುರೆಗೆ ಗಾಯವಾದ ಸುದ್ದಿ ನಿಲ್ಲಲಿಲ್ಲ. ಕುರುಬರ ಹಿರಿಯರು ಗುಡಿಯ ಮುಂದೆ ಕೂತರು. ಮರಿಯನ್ನು ಇಟ್ಟುಕೊಂಡವನು ನಾನು ಎಂದು ಎಲ್ಲರಿಗೂ ಗೊತ್ತಿತ್ತು, ಕಣ್ಣುಗಳು ನನ್ನ ಕಡೆಗೇ ಇದ್ದವು. ಕಾಕಾ ಎದ್ದು ನಿಂತು, ಪಟ್ಟಿ ಕಟ್ಟಿದವನು ನಾನು, ಬಿಗಿಯಾಗಿ ಕಟ್ಟಿ ಹೋದವನು ನಾನು, ಆ ಹುಡುಗನಿಗೆ ಮುಟ್ಟಬೇಡ ಎಂದವನೂ ನಾನೇ ಎಂದರು. ಕೊನೆಯ ಎರಡೂ ಮಾತು ಅವರು ನನಗಾಗಿ ಹೇಳಿದ ಸುಳ್ಳು. ಬಸುರಿಯ ಹೆಸರು ಗುಡಿಯ ಮುಂದೆ ಬರುವುದೂ ಅವರಿಗೆ ಬೇಡವಾಗಿತ್ತು.

ಅವರಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ದೇವರ ಕುದುರೆಗೆ ನೋವು ಮಾಡಿದವನು ಅದರ ಮೊಗಹಗ್ಗವನ್ನು ತನ್ನ ಮುಖಕ್ಕೆ ಕಟ್ಟಿಸಿಕೊಂಡು, ಬಾಯಲ್ಲಿ ಹುಲ್ಲು ಕಚ್ಚಿ, ಐತವಾರದ ದಿನ ಮೈಲಾರನ ಬಾಗಿಲಲ್ಲಿ ಬಿಸಿಲು ಇಳಿಯುವ ತನಕ ನಿಲ್ಲಬೇಕು. ಯಾರೂ ಮಾತಾಡಿಸಬಾರದು.

ಆ ಐತವಾರ ಅವ್ವ, ಹೆಂಡತಿಯ ಜೊತೆ ನಾನೂ ಹೋಗಿದ್ದೆ. ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋಗಿದ್ದೆ. ಕಾಕಾ ರುಮಾಲು ತೆಗೆದಿಟ್ಟು ಬರಿದಲೆಯಲ್ಲಿ ನಿಂತರು. ಅವರ ಬರಿದಲೆಯನ್ನು ನಾನು ನೋಡಿದ್ದು ಅಂದೇ. ನೆತ್ತಿಯಲ್ಲಿ ಕೂದಲಿರಲಿಲ್ಲ. ಅವರೇ ಹೆಣೆದಿದ್ದ ಆ ಹಗ್ಗವನ್ನು ಪೂಜಾರಿ ಅವರ ಮುಖಕ್ಕೆ ಹಾಕಿ, ಕತ್ತರಿಸಿದ್ದ ಪಟ್ಟಿಯ ಎರಡು ತುದಿಗಳನ್ನು ಗದ್ದದ ಕೆಳಗೆ ಜಗ್ಗಿ ಗಂಟು ಹಾಕಿದ. ಪಟ್ಟಿ ತೊಳೆದಿದ್ದರೂ ಕಂದು ಬಣ್ಣ ಹೋಗಿರಲಿಲ್ಲ. ಪೂಜಾರಿ ಎರಡು ಬೆರಳು ಸಡಿಲ ಬಿಡಲಿಲ್ಲ. ಯಾಕೆ ಬಿಡುತ್ತಾನೆ? ಅದು ಅವನಿಗೆ ಗೊತ್ತಿರಬೇಕಲ್ಲ.

ಜನ ಬರುತ್ತಿದ್ದರು, ಭಂಡಾರ ಎರಚುತ್ತಿದ್ದರು, ಏಳುಕೋಟಿ ಎನ್ನುತ್ತಿದ್ದರು, ಅವರನ್ನು ಬಳಸಿ ಒಳಗೆ ಹೋಗುತ್ತಿದ್ದರು. ಯಾವ ಯಾವ ಮದುಮಗನ ಗದ್ದ ಎತ್ತಿ ಅವರು ನಗಿಸಿದ್ದರೋ ಆ ಗಂಡಸರೆಲ್ಲ ಅಲ್ಲಿದ್ದರು. ಹುಲ್ಲು ಕಚ್ಚಿದ ಬಾಯಿಯ ಎರಡು ಕಡೆಯಿಂದ ಜೊಲ್ಲು ಇಳಿದು ಪಟ್ಟಿ ತೊಯ್ದಿತ್ತು. ಕಣ್ಣು ಮಾತ್ರ ಶಾಂತವಾಗಿತ್ತು. ಒಮ್ಮೆ ನನ್ನ ಕಡೆ ತಿರುಗಿ, ನನ್ನನ್ನಲ್ಲ, ನನ್ನ ಹೆಂಡತಿಯ ಹೊಟ್ಟೆಯನ್ನು ನೋಡಿ, ಸ್ವಲ್ಪ ತಲೆಯಾಡಿಸಿದ ಹಾಗೆ ಮಾಡಿದರು. ಚಿಂತಿಸಬೇಡ ಎನ್ನುವ ಹಾಗೆ. ಪಕ್ಕದಲ್ಲಿ ನಮ್ಮ ಅವ್ವ, ದೊಡ್ಡ ಮನುಷ್ಯ, ತನ್ನ ತಪ್ಪು ತಾನೇ ಒಪ್ಪಿಕೊಂಡ ಎಂದಳು. ನಾನು ಹೌದು ಎಂದೆ.

ಹೌದು ಎಂದೆ... ಅದೊಂದು ಮಾತು ಇಂದಿಗೂ ನನ್ನ ಗಂಟಲಲ್ಲಿದೆ.

ನಮಗೆ ಹೆಣ್ಣುಮಗು ಆಯಿತು. ತೊಟ್ಟಿಲಿಗೆ ಹಾಕುವ ದಿನ ಚಿಗವ್ವ ಕೂಸಿನ ತಲೆಗೆ ಹಾಕಲು ಒಂದು ಕುಂಚಿಗೆ ತಂದರು. ಕೆಂಪು ಖಣದ್ದು, ಅಂಚಿಗೆ ಹಸಿರು. ಗದ್ದದ ಕೆಳಗೆ ಕಟ್ಟುವ ಲಾಡಿಯನ್ನು ಮಾತ್ರ ಕಾಕಾ ಹೆಣೆದಿದ್ದರು. ಕುರಿಮರಿಯ ಮೊದಲ ಉಣ್ಣೆ, ಎಷ್ಟು ಮೆತ್ತಗೆಂದರೆ ಕೈಯಲ್ಲಿ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಅವರೇ ಕೂಸಿಗೆ ಕಟ್ಟಿ, ಎರಡು ಬೆರಳು ಹಾಕಿ ನೋಡಿದರು. ಕೂಸಿನ ಗದ್ದದ ಕೆಳಗೆ ಅವರ ಎರಡು ಬೆರಳಿಗೆ ಜಾಗವೇ ಇರಲಿಲ್ಲ. ಇಲ್ಲಿ ಒಂದೇ ಬೆರಳು ನಡೀತೈತಿ ಎಂದು ನಕ್ಕರು. ಆಗ ಅವರ ಗದ್ದದ ಕೆಳಗೆ ಕಿವಿಯಿಂದ ಕಿವಿಗೆ ತರಚಿ ಮಾಗಿದ ಗೆರೆ ಕಂಡಿತು. ನಾನು ಹೆಸರು ಕೂಗುವವರ ಕಡೆ ಮುಖ ತಿರುಗಿಸಿದೆ.

ಮರಿ ಬದುಕಿತು. ಕಾಕಾ ಹೇಳಿದ ಹಾಗೆ ವರ್ಷ ಕಳೆದಂತೆ ಬೂದಿಯಾಗಿ, ಆಮೇಲೆ ಹಾಲಿನ ಹಾಗೆ ಬೆಳ್ಳಗಾಯಿತು. ಗದ್ದದ ಕೆಳಗೆ ಮಾತ್ರ ಕೂದಲು ಬೆಳೆಯಲೇ ಇಲ್ಲ. ಬಿಳಿ ಮೈಯ ಮೇಲೆ ಆ ಕರಿ ಗೆರೆ ದೂರದಿಂದಲೇ ಕಾಣುತ್ತಿತ್ತು. ಗಾಯದ ಕುದುರೆ ದೇವರಿಗೆ ನಡೆಯುವುದಿಲ್ಲ ಎಂದು ಪೂಜಾರಿ ಹೇಳಿದ. ದೇವರಿಗೆ ನಡೆಯದ್ದು ಮದುಮಗನಿಗೆ ಹೇಗೆ ನಡೆದೀತು? ಒಬ್ಬೊಬ್ಬರಾಗಿ ಮಕ್ತಲ್‌ನವರು, ನಾರಾಯಣಪೇಟೆಯವರು ಬೇರೆ ಕಡೆಯ ಕುದುರೆ ತರಿಸಿಕೊಳ್ಳತೊಡಗಿದರು. ತಾಯಿಕುದುರೆ ಸತ್ತ ಮೇಲೆ ಕಾಕಾ ಮನೆಗೆ ಬೀಗ ಹಾಕಿ, ಮಗಳನ್ನು ಕೊಟ್ಟಿದ್ದ ವಡ್ಡೆಪಲ್ಲಿಗೆ ಹೋಗಿ ನಿಂತರು. ಆ ಕುದುರೆಯ ಬೆನ್ನಿನ ಮೇಲೆ ಶಾಂತಿನಗರದ ಸಂತೆಗೆ ಹುಲ್ಲು ಹೊರೆ ಸಾಗಿಸುತ್ತಿದ್ದಾರೆ ಎಂದು ಕೇಳಿದೆ. ದೇವರನ್ನು ಹೊರಬೇಕಾದ ಬೆನ್ನು.

ಹೋಗಿ ಹೇಳಬೇಕು ಎಂದು ಪ್ರತಿ ವರ್ಷ ಅಂದುಕೊಂಡೆ. ಹೋದದ್ದು ಮಗಳ ಮದುವೆಯ ಕಾರ್ಡು ಕೊಡುವ ನೆವದಲ್ಲಿ. ಗದ್ವಾಲ್‌ವರೆಗೆ ಬಸ್ಸು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೊದಲು ಕಾಲು ಹಿಡಿಯುವುದು, ಆಮೇಲೆ ತೋಳು ತೋರಿಸುವುದು.

ಕಾಕಾ ಬೇವಿನ ಕೆಳಗೆ ಕೂತಿದ್ದರು. ಬೆನ್ನು ಬಾಗಿತ್ತು, ನಗು ಹಾಗೇ ಇತ್ತು. ಬಿಳಿ ಕುದುರೆ ಪಕ್ಕದಲ್ಲೇ ನಿಂತಿತ್ತು, ಅದೂ ಮುದುಕಿಯಾಗಿತ್ತು. ನಾನು ಹತ್ತಿರ ಹೋದಾಗ ಅದು ಹಗ್ಗದ ಉದ್ದ ಮುಗಿಯುವ ತನಕ ಹಿಂದೆ ಸರಿಯಿತು. ಅವಳಿಗೆ ಹೊಸಬರು ಸೇರಂಗಿಲ್ಲ ಎಂದು ಕಾಕಾ ನಕ್ಕರು. ನಾನು ಹೊಸಬನಲ್ಲ ಎಂದು ಅದಕ್ಕೆ ಗೊತ್ತಿತ್ತು.

ಅವರು ಕಾರ್ಡು ಕೈಯಲ್ಲಿ ಹಿಡಿದರು. ಓದಲು ಬಾರದಿದ್ದರೂ ಅರಿಶಿನ ಹಚ್ಚಿದ ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಅವರೇ ಹೇಳಿದರು:

“ಅವತ್ತ ಗುಡಿ ಮುಂದ ನಿಂತಾಗ ನಾ ಮೈಲಾರಗ ಒಂದ ಕೇಳಿದ್ದೆ ತಮ್ಮಾ. ಆ ಕೂಸಿನ ಕೊಳ್ಳಿಗೆ ಏನೂ ಸುತ್ತಬಾರದು ಅಂತ. ನೋಡು, ತಾಳಿ ಸುತ್ತೋ ವ್ಯಾಳ್ಯಾ ಬಂತು. ನಾ ನಿಂತದ್ದು ಸಾರ್ಥಕ ಆತು.”

ದಾರಿಯಲ್ಲಿ ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. ಅವರ ಬಳಿ ಕುದುರೆಯ ಕಸುಬು ಇರಲಿಲ್ಲ, ಊರು ಇರಲಿಲ್ಲ. ಒಂದು ಕೂಸನ್ನು ಕಾಪಾಡಿದೆ ಎಂಬ ನಂಬಿಕೆ ಇತ್ತು. ಅದನ್ನೂ ಕಿತ್ತುಕೊಂಡು ನನ್ನ ಎದೆ ಹಗುರ ಮಾಡಿಕೊಳ್ಳಲೇ? ಹೀಗೆ ಯೋಚಿಸಿದೆ ಎಂದು ಈಗ ಬರೆಯುತ್ತಿದ್ದೇನೆ. ಆಗ ಅದು ಕನಿಕರವೋ, ಮತ್ತೆ ಅದೇ ಗೋಡೆಯ ಈಚೆ ನಿಂತ ಹೆದರಿಕೆಯೋ... ನನಗೆ ಇಂದಿಗೂ ತಿಳಿಯದು.

ಹೊರಡುವಾಗ ಚಿಗವ್ವ ಆಟೋ ನಿಲ್ಲುವ ಕಡೆಯವರೆಗೆ ಬಂದರು. ತಮ್ಮ ಪಾಡಿಗೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ, ನನ್ನ ಮುಖ ನೋಡದೆ ಮಾತಾಡಿದರು.

“ಬಸುರಿ ಗಂಡ ಹಗ್ಗ ಹೊಸೀಬಾರದು ಅಂತ ನಮ್ಮವ್ವನೂ ಹೇಳ್ತಿದ್ಲು. ಕಟ್ಟಿದ್ದು ಬಿಚ್ಚಬಾರದು ಅಂತ ಯಾರೂ ಹೇಳಿದ್ದಿಲ್ಲಪ್ಪ. ಬಿಚ್ಚಿದ್ರ ಒಳ್ಳೇದು ಅಂತಾರ, ಹೆರಿಗಿ ಸಲೀಸ ಆಗ್ತೈತಿ ಅಂತ ಮನ್ಯಾಗಿನ ಗಂಟೆಲ್ಲ ಬಿಚ್ಚಿಸ್ತಾರ.”

ಅವರು ಅಂದೇ, ಬಟ್ಟೆ ಹಿಂಡುತ್ತಿದ್ದಾಗಲೇ ತಿಳಿದಿದ್ದರು. ತಿಳಿದೂ ಗಂಡ ಹಗ್ಗ ಕಟ್ಟಿಸಿಕೊಂಡು ನಿಂತದ್ದನ್ನು ನೋಡಿದ್ದರು. ಕುಂಚಿಗೆ ಹೊಲಿದು ತಂದಿದ್ದರು. ಚಿಗವ್ವಾ, ತಪ್ಪಾತು ಎಂದೆ.

“ನನಗ ಹೇಳಿದಿ, ಸಾಕು. ಅವರಿಗೆ ಹೇಳಬ್ಯಾಡ. ನಂಬಿ ನಿಂತಾರ.”

ಅಷ್ಟು ಹೇಳಿ ಅವರು ತಿರುಗಿ ನಡೆದರು. ನಾನು ಆಟೋ ಹತ್ತಿದೆ.

ಮದುವೆಗೆ ಕಾಕಾಗೆ ಬರಲಾಗಲಿಲ್ಲ. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ಕುದುರೆ ಅವರಿಗಿಂತ ಸ್ವಲ್ಪ ಮುಂಚೆ ಹೋಯಿತೋ ಆಮೇಲೆ ಹೋಯಿತೋ, ಕೇಳಲು ನನಗೆ ಧೈರ್ಯವಾಗಲಿಲ್ಲ. ಚಿಗವ್ವನೂ ಈಗಿಲ್ಲ. ನನ್ನ ಹೆಂಡತಿ ಹೋಗಿ ಎರಡು ಮಳೆಗಾಲವಾಯಿತು, ಅವಳಿಗೂ ನಾನು ಹೇಳಲಿಲ್ಲ. ಅವಳು ಕೊನೆಯವರೆಗೂ, ನಮ್ಮ ಮಗಳ ಸಲುವಾಗಿ ಕಾಕಾ ಹುಲ್ಲು ಕಚ್ಚಿದರು ಎಂದು ಕೈಮುಗಿಯುತ್ತಿದ್ದಳು. ನಿಜ ತಿಳಿದವನು ನಾನೊಬ್ಬ ಉಳಿದೆ. ಯಾರನ್ನು ನೆವ ಮಾಡಿಕೊಂಡೆನೋ ಆ ಕೂಸಿಗೆ ಇದು ಏನೂ ಗೊತ್ತಿಲ್ಲ. ಈಗ ಐವತ್ತರ ಹತ್ತಿರ ಬಂದಿದ್ದಾಳೆ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ, ಸ್ಕೂಟಿಯ ಹಿಂದೆ ಅಪ್ಪನನ್ನು ಕೂರಿಸಿಕೊಂಡು ಮೆಲ್ಲಗೆ ಓಡಿಸುತ್ತಾಳೆ.

ಅಂದು ಮಕ್ತಲ್ ಮುಟ್ಟುವವರೆಗೂ ನಾನು ಮಾತಾಡಲಿಲ್ಲ. ಪಟ್ಟಿ ಗದ್ದವನ್ನು ಒತ್ತುತ್ತಿತ್ತು. ಉಗುಳು ನುಂಗುವಾಗ ನೋಯುತ್ತಿತ್ತು. ಅವಳ ಭುಜ ಮುಟ್ಟಿ ಒಂದು ಮಾತು ಹೇಳಿದ್ದರೆ ನಿಲ್ಲಿಸುತ್ತಿದ್ದಳು. ಹೇಳಬಾರದು ಅನ್ನಿಸಿತು. ಬೀಗರ ಮನೆಯ ಮುಂದೆ ಇಳಿದ ಮೇಲೆ ಕೊಂಡಿ ಬಿಚ್ಚಲು ನನ್ನ ಕೈಗೆ ಬರಲಿಲ್ಲ. ಅವಳೇ ಬಂದು ಬಿಚ್ಚಿದಳು. ಬಿಚ್ಚಿ, ನನ್ನ ಗದ್ದ ಎತ್ತಿ ನೋಡಿದಳು. ಬೆರಳಿನಿಂದ ಆ ಗೆರೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸವರಿದಳು.

“ಇಷ್ಟು ಬಿಗಿ ಆಗಿತ್ತಂತ ಹೇಳಬಾರದೇನಪ್ಪ?” ಎಂದಳು. “ನಿನಗೇನ್ ಬಾಯಿ ಇದ್ದಿಲ್ಲೇನು?”

ಅವಳ ಚೀಲದಲ್ಲಿ ಕೂಸಿಗೆಂದು ತಂದ ಹೊಸ ಕುಂಚಿಗೆ ಇತ್ತು. ಒಳಗಿನಿಂದ ಹೆಂಗಸರು ಅವಳನ್ನು ಕೂಗುತ್ತಿದ್ದರು. ಇತ್ತು ಮಗಳೇ, ನನಗೆ ಬಾಯಿ ಇತ್ತು ಎಂದು ಹೇಳಲು ಹೋದೆ. ಅವಳು ಆಗಲೇ ಒಳಗೆ ಹೋಗಿದ್ದಳು. ಅದಕ್ಕೇ ಇದನ್ನು ಬರೆದಿದ್ದೇನೆ. ಮೊದಲು ಅವಳೇ ಓದಲಿ.